ದವಡೆಯಲ್ಲಿ ತಂಬಾಕು, ಗೋಡೆಯ ಮೇಲೆ ಬೋರ್ಡು

ಪುಣೆಯಲ್ಲಿ ನನ್ನದು ಇಂಟೀರಿಯರ್ ಗುತ್ತಿಗೆ ಕೆಲಸ. ಬಿಲ್ಡರ್ ಖಾಲಿ ಗೋಡೆ ಒಪ್ಪಿಸಿ ಹೋದ ಮೇಲೆ ಬಡಗಿ, ಪೇಂಟರ್, ಟೈಲ್ಸ್‌ನವರು, ವೈರಿಂಗ್‌ನವರು, ಪ್ಲಂಬರ್ ಎಲ್ಲರೂ ಒಂದೇ ಫ್ಲಾಟಿನೊಳಗೆ ಮೈಗೆ ಮೈ ತಾಗುವ ಹಾಗೆ ಕೆಲಸ ಮಾಡುವ ಒಂದೆರಡು ತಿಂಗಳು ಇರುತ್ತದಲ್ಲ, ಆಗ ನನ್ನ ಪಾಳಿ. ಹಿಂಜವಡಿ, ಬಾಣೇರ್, ಖರಾಡಿ ಕಡೆ ಹೊಸ ಟವರುಗಳು. ನಡುನಡುವೆ ಸದಾಶಿವ ಪೇಠೆ, ಕಸಬಾ ಪೇಠೆಯ ವಾಡೆಗಳ, ಅಂದರೆ ಹಳೇ ಕಾಲದ ದೊಡ್ಡ ಮನೆಗಳ ರಿಪೇರಿ. ನನ್ನ ಬಿಗಾರಿಗಳು (ಕೂಲಿಯಾಳುಗಳು), ಪೇಂಟರುಗಳು ಹೆಚ್ಚಿನವರು ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು. ಬೆಳಿಗ್ಗೆ ಕೂಲಿಯವರು ಸೇರುವ ನಾಕಾದಲ್ಲಿ ಕನ್ನಡ, ಸೈಟಿನೊಳಗೆ ಹಿಂದಿ, ಸೊಸೈಟಿಯ ಕಾರ್ಯದರ್ಶಿ ಜಗಳಕ್ಕೆ ಬಂದಾಗ ಮರಾಠಿ. ಹೀಗೆ ದಿನ ಹೋಗುತ್ತದೆ.

ಬೀಡಿ ಸಿಗರೇಟು ಸೇದಬಾರದು ಅನ್ನುವ ಬೋರ್ಡು ಇಲ್ಲದ ಸೈಟು ನಾನಂತೂ ನೋಡಿಲ್ಲ. ಗೇಟಿಗೆ ಒಂದು, ಲಿಫ್ಟಿನ ಹತ್ತಿರ ಒಂದು, ಸಾಮಾನು ಇಡುವ ಕೋಣೆಗೆ ಒಂದು. ಬೋರ್ಡು ಬೇಕಾದದ್ದೇ. ಒಳಗೆ ಥಿನ್ನರ್ ಡಬ್ಬಿ, ಪಾಲಿಶ್, ರಬ್ಬರ್ ಗೋಂದು, ಒಣ ಪ್ಲೈವುಡ್, ಮರದ ಹೊಟ್ಟು ಇರುತ್ತವೆ. ಥಿನ್ನರಿನ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ಪಕ್ಕದ ಕೋಣೆಯ ಕಿಡಿಯನ್ನು ಮುಟ್ಟಿ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಬೀಡಿ ಹಚ್ಚಿದವನಿಗೆ ಸೂಪರ್‌ವೈಸರ್ ಬೈಯುತ್ತಾನೆ, ದಂಡ ಹಾಕುತ್ತಾನೆ, ಮತ್ತೆ ಸಿಕ್ಕಿಬಿದ್ದರೆ ಲೆಕ್ಕ ಮುಗಿಸಿ ಕಳಿಸುತ್ತಾನೆ. ಅದೇ ಬೋರ್ಡಿನ ಕೆಳಗೆ ನಿಂತು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುವವನಿಗೆ ಯಾರೂ ಏನೂ ಅನ್ನುವುದಿಲ್ಲ. ಬೈಯಬೇಕಾದ ಸೂಪರ್‌ವೈಸರೇ ಒಮ್ಮೊಮ್ಮೆ ಒಂದು ಚಿಟಿಕೆಗೆ ಕೈ ಚಾಚುತ್ತಾನೆ.

ನಮ್ಮ ಪೇಂಟರ್ ಮೇಸ್ತ್ರಿ ಸಿಂದಗಿ ಕಡೆಯವರು. ಅವರು ಇದನ್ನು ನನಗಿಂತ ಚೆನ್ನಾಗಿ ಹೇಳಿದ್ದರು: "ಬೀಡಿ ಸೇದಿದ್ರ ನೀವು ಬೈತೀರಿ ಸಾಹೇಬ್ರ. ಇದಕ್ಕ ಯಾರರ ಬೈತಾರೇನ್ರಿ? ಕೈ ನಿಂದ್ರಂಗಿಲ್ಲ, ಹೊಗಿ ಬರಂಗಿಲ್ಲ."

ಇಡೀ ವಿಷಯ ಆ ಕೊನೇ ಮಾತಿನಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಬೋರ್ಡು ಕಾಯುವುದು ಪ್ಲೈವುಡ್ಡನ್ನು. ಗುತ್ತಿಗೆದಾರನ ಮಾಲು ಸುಡಬಾರದು, ಅವನ ಕೆಲಸ ನಿಲ್ಲಬಾರದು. ಇವೆರಡಕ್ಕೂ ಅಡ್ಡ ಬಾರದ ತಂಬಾಕು ಯಾವುದೋ ಅದು ಸೈಟಿನಲ್ಲಿ ಆರಾಮವಾಗಿ ಉಳಿದುಕೊಂಡಿದೆ.

ಲೆಕ್ಕವೂ ಅದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರ 2016-17ರಲ್ಲಿ ಮಾಡಿಸಿದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಸೇದುವವರು ನೂರಕ್ಕೆ 3.8 ಮಂದಿ ಮಾತ್ರ. ಹೊಗೆ ಇಲ್ಲದ ತಂಬಾಕು, ಅಂದರೆ ತಿನ್ನುವ, ತಿಕ್ಕುವ, ದವಡೆಗೆ ಇಟ್ಟುಕೊಳ್ಳುವ ತಂಬಾಕು ಬಳಸುವವರು ನೂರಕ್ಕೆ 24.4. ಇಡೀ ದೇಶದ ಲೆಕ್ಕದಲ್ಲಿ ಇವು 10.7 ಮತ್ತು 21.4. ಅಂದರೆ ಈ ರಾಜ್ಯದಲ್ಲಿ ಸೇದುವವರಿಗಿಂತ ತಿನ್ನುವವರು ಆರು ಪಟ್ಟು. ನಮ್ಮ ಬೋರ್ಡುಗಳೆಲ್ಲ ಆ ನಾಲ್ಕು ಜನರ ಜೊತೆ ಮಾತಾಡುತ್ತಿವೆ. ಇಪ್ಪತ್ತನಾಲ್ಕು ಜನ ಅದನ್ನು ಓದಿ, ಇದು ನಮಗಲ್ಲ ಅಂತ ಮುಂದೆ ಹೋಗುತ್ತಾರೆ.

ಕಾನೂನೂ ಸ್ವಲ್ಪ ಹೀಗೇ ಇದೆ. 2003ರ ತಂಬಾಕು ಕಾಯ್ದೆಯಡಿ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಕೆಲಸದ ಜಾಗವನ್ನೂ ಸಾರ್ವಜನಿಕ ಸ್ಥಳ ಅಂತಲೇ ಎಣಿಸಲಾಗಿದೆ. ಅಲ್ಲಿ ಸೇದಿದರೆ 200 ರೂಪಾಯಿವರೆಗೆ ದಂಡ. ಆದರೆ ಆ ನಿಯಮ ಹೊಗೆಯದ್ದು. ಗುಟ್ಕಾ ಮತ್ತು ಪಾನ್ ಮಸಾಲಾವನ್ನು ಮಹಾರಾಷ್ಟ್ರ 2012ರಲ್ಲಿ ಆಹಾರ ಸುರಕ್ಷತೆ ಕಾಯ್ದೆಯಡಿ ನಿಷೇಧಿಸಿತು. ನಿಷೇಧ ಬಂದ ಮೇಲೆ ಒಂದೇ ಪುಡಿಯಲ್ಲಿ, ಅಂದರೆ ಒಂದೇ ಪೊಟ್ಟಣದಲ್ಲಿ ಇದ್ದದ್ದು ಎರಡು ಪುಡಿಯಾಯಿತು. ಅಡಿಕೆ ಮಸಾಲೆ ಒಂದರಲ್ಲಿ, ತಂಬಾಕು ಇನ್ನೊಂದರಲ್ಲಿ. ತಿನ್ನುವವನು ಬಾಯಿಗೆ ಹಾಕುವ ಮೊದಲು ತಾನೇ ಕೂಡಿಸಿಕೊಳ್ಳುತ್ತಾನೆ. ಗಡಿ ದಾಟಿ ಬರುವ ಗುಟ್ಕಾ ಲಾರಿ ಹಿಡಿದರು ಅನ್ನುವ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಸುಣ್ಣ ಹಾಕಿ ತಿಕ್ಕುವ ಸಾದಾ ತಂಬಾಕಿಗಂತೂ ಇಂಥ ಕಿರಿಕಿರಿಯೂ ಇಲ್ಲ. ಯಾವ ಟಪರಿ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ.

ಈಗ ಕೈಯ ವಿಷಯಕ್ಕೆ ಬರುತ್ತೇನೆ. ಕಸುಬಿನ ಕೆಲಸ ಅಂದರೆ ಎರಡೂ ಕೈಯ ಕೆಲಸ. ಬೀಡಿ ಒಂದು ಕೈ ಕೇಳುತ್ತದೆ. ಅದರಲ್ಲಿ ಎಲೆ ದಪ್ಪ, ತಂಬಾಕು ಕಡಿಮೆ. ಎಳೆಯುತ್ತಾ ಇರದಿದ್ದರೆ ಆರಿಹೋಗುತ್ತದೆ. ಹಾಗಾಗಿ ಬೀಡಿ ಸೇದುವವನು ಐದು ನಿಮಿಷ ಏಣಿ ಇಳಿಯಲೇಬೇಕು. ತಂಬಾಕಿಗೆ ಒಂದು ನಿಮಿಷ ಅಂಗೈ ಕೊಟ್ಟರೆ ಸಾಕು. ಆಮೇಲೆ ಅರ್ಧ ಗಂಟೆ ಎರಡೂ ಕೈ ಖಾಲಿ. ಮೂವತ್ತನೇ ಮಹಡಿಯ ಹೊರಗೋಡೆಗೆ ಜೂಲಾದಲ್ಲಿ ನೇತಾಡುತ್ತಾ ಬಣ್ಣ ಹೊಡೆಯುವವನು ಇಳಿದು ಬಂದು ಸೇದಿ ಮತ್ತೆ ಏರಲು ಆಗುತ್ತದಾ? ಅವನಿಗೆ ಬಿಡುವು ಬೇಕು. ಬಿಡುವು ಕೊಡುವವರು ಯಾರೂ ಇಲ್ಲ. ಆ ಬಿಡುವನ್ನು ದವಡೆಯಲ್ಲೇ ಇಟ್ಟುಕೊಂಡು ಮೇಲೆ ಹೋಗುತ್ತಾನೆ.

ಸುಣ್ಣ ಯಾಕೆ ಹಾಕುತ್ತಾರೆ ಅನ್ನುವುದಕ್ಕೆ ರಸಾಯನಶಾಸ್ತ್ರದಲ್ಲಿ ನೇರ ಉತ್ತರ ಇದೆ. ಸುಣ್ಣ ಕ್ಷಾರ. ಅದು ಸೇರಿದಾಗ ತಂಬಾಕಿನ ನಿಕೋಟಿನ್ ಬಾಯಿಯ ಒಳಚರ್ಮವನ್ನು ಸುಲಭವಾಗಿ ದಾಟುವ ರೂಪಕ್ಕೆ ಬರುತ್ತದೆ, ಬೇಗ ರಕ್ತಕ್ಕೆ ಇಳಿಯುತ್ತದೆ. ಜೊತೆಗೆ ಸುಣ್ಣ ಆ ಚರ್ಮವನ್ನು ಸುಡುತ್ತದೆ. ತಂಬಾಕಿನೊಳಗಿನ ಕ್ಯಾನ್ಸರ್ ತರುವ ನೈಟ್ರೊಸಮೈನ್‌ಗಳು ಅದೇ ಜಾಗದಲ್ಲಿ ದಿನವಿಡೀ ಕೂತಿರುತ್ತವೆ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಒಸಡು ಮತ್ತು ಕೆನ್ನೆ ಕೂಡುವ ಸಂದಿಯಲ್ಲಿ. ತಂಬಾಕಿನ ಗುಳಿಗೆ ಇಡುವ ಜಾಗವೂ ಅದೇ ಅಲ್ವಾ.

ರಕ್ತಕ್ಕೆ ಹೋದ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಸೈಟಿನ ದಿನವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಬೆಳಿಗ್ಗೆ ನಾಕಾದಲ್ಲಿ ಒಂದು, ಸಾಮಾನು ಹೊತ್ತು ಮೇಲೆ ಬಂದಾಗ ಒಂದು, ಹತ್ತೂವರೆಗೆ ಹೊಟ್ಟೆ ಚುರುಗುಟ್ಟಿದಾಗ ಒಂದು, ಊಟ ಆದ ಮೇಲೆ ಒಂದು. ಹೊಟ್ಟೆಯ ಮಾತು ಸುಮ್ನೆ ಹೇಳಿದ್ದಲ್ಲ. ನಿಕೋಟಿನ್ ಹಸಿವನ್ನು ಅದುಮುತ್ತದೆ. ಬೆಳಿಗ್ಗೆ ಆರಕ್ಕೆ ಚಹಾದಲ್ಲಿ ಬಿಸ್ಕೀಟು ಅದ್ದಿ ತಿಂದು ಬಂದವನು ಒಂದು ಗಂಟೆಯ ಊಟದವರೆಗೆ ಸಿಮೆಂಟ್ ಚೀಲ ಹೊರುತ್ತಾನೆ ಅಂದರೆ ನಡುವೆ ಏನೋ ಅವನನ್ನು ನಿಲ್ಲಿಸಿದೆ. ಅದು ಐದು, ಹತ್ತು ರೂಪಾಯಿಯ ಪುಡಿ. ಅದೇ ದುಡ್ಡಿಗೆ ಸೈಟಿನ ಹತ್ತಿರ ಒಂದು ವಡಾಪಾವ್ ಕೂಡ ಬರುವುದಿಲ್ಲ.

ಹೆಂಗಸರದ್ದು ಬೇರೆ ಕಥೆ, ಅದರ ಬಗ್ಗೆ ಮಾತು ಇನ್ನೂ ಕಡಿಮೆ. ಇಲ್ಲಿ ಮಿಶ್ರಿ ಅಂತ ಸಿಗುತ್ತದೆ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ. ಹಲ್ಲು ತಿಕ್ಕುವ ಹೆಸರಿನಲ್ಲಿ ಒಸಡಿಗೆ ಉಜ್ಜಿಕೊಳ್ಳುತ್ತಾರೆ. ಇಟ್ಟಿಗೆ, ಮರಳು ಹೊರುವ ನಮ್ಮ ಕಡೆಯ ಎಷ್ಟೋ ಹೆಂಗಸರು ಊರಲ್ಲಿ ಎಲೆಅಡಿಕೆ ಮಾತ್ರ ತಿನ್ನುತ್ತಿದ್ದವರು. ಇಲ್ಲಿಗೆ ಬಂದು ಮಿಶ್ರಿ ಕಲಿತಿದ್ದಾರೆ. ಬೆಳಿಗ್ಗೆ ಒಂದು ಸಲ ಅಂತ ಶುರುವಾಗಿ ದಿನಕ್ಕೆ ನಾಲ್ಕೈದು ಸಲ ಆಗುತ್ತದೆ. ಅದನ್ನು ಯಾರೂ ಚಟ ಅನ್ನುವುದಿಲ್ಲ, ಹಲ್ಲಿನ ಪುಡಿ ಅನ್ನುತ್ತಾರೆ. ಮುಂಬೈಯಲ್ಲಿ 1,217 ಬಸುರಿ ಹೆಂಗಸರನ್ನು ಗಮನಿಸಿ ಮಾಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಹೊಗೆ ಇಲ್ಲದ ತಂಬಾಕು ಬಳಸಿದವರ ಮಕ್ಕಳ ತೂಕ ಹುಟ್ಟುವಾಗ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಆ ಅಧ್ಯಯನದಲ್ಲಿ ಹೆಚ್ಚಿನವರು ಬಳಸುತ್ತಿದ್ದದ್ದು ಇದೇ ಮಿಶ್ರಿ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ಇರುವ ಕಡೆ ಕೂಸಿನ ಕೋಣೆ ಇರಬೇಕು ಅನ್ನುತ್ತಿತ್ತು. ನಮ್ಮಂಥ ಸಣ್ಣ ಗುತ್ತಿಗೆಯವರ ಸೈಟುಗಳು ಆ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಕೂಸುಗಳು ಮರಳಿನ ರಾಶಿಯ ಮೇಲೆ ಆಡುತ್ತಿರುತ್ತವೆ.

ತಂಬಾಕಿನ ಅಪಾಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಂಬಾಕಿನ ಬಗ್ಗೆ ಮಾತ್ರ ಬರೆಯುತ್ತಾರೆ. ನಮ್ಮ ಕಸುಬಿನಲ್ಲಿ ಅದು ಒಂಟಿಯಾಗಿ ಬರುವುದೇ ಇಲ್ಲ. ಪೇಂಟರಿನ ಅಂಗೈ ನೋಡಿ. ಹಳೇ ವಾಡೆಯ ತೇಗದ ಬಾಗಿಲು, ಮೇಲೆ ಐವತ್ತು ವರ್ಷದ ಆಯಿಲ್ ಪೇಂಟು ಪದರ ಪದರವಾಗಿ ಕೂತಿದೆ. ಹೊಸ ಬಣ್ಣ ಹೊಡೆಯುವ ಮೊದಲು ಅದನ್ನು ಪಾಲಿಶ್ ಪೇಪರಿನಿಂದ ತಿಕ್ಕಿ ತೆಗೆಯಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲಿನ ಹಳದಿ, ಕೆಂಪು, ಹಸಿರು ಆಯಿಲ್ ಪೇಂಟುಗಳಲ್ಲಿ ಸೀಸ ಧಾರಾಳವಾಗಿ ಇರುತ್ತಿತ್ತು. ಆ ಧೂಳು ಮೆತ್ತಿದ ಅಂಗೈಯಲ್ಲೇ ತಂಬಾಕು ತಿಕ್ಕುತ್ತಾರೆ. ಅದೇ ಬೆರಳಿನಿಂದ ತುಟಿಯ ಒಳಗೆ ಇಡುತ್ತಾರೆ. ಸೀಸ ಮೈ ಸೇರಲು ಇದಕ್ಕಿಂತ ಸುಲಭದ ದಾರಿ ಬೇಕಾ? ಹೊಟ್ಟೆನೋವು, ತಲೆನೋವು, ರಕ್ತ ಕಡಿಮೆಯಾಗುವುದು, ಕೈ ಸೋಲುವುದು ಇವೆಲ್ಲ ಸೀಸದಿಂದ ಆಗುತ್ತವೆ. ಆದರೆ ಪೇಂಟರಿಗೆ ಹೊಟ್ಟೆ ನೋವು ಬಂದರೆ ಎಲ್ಲರೂ ಹಿಂದಿನ ರಾತ್ರಿಯ ಊಟಕ್ಕೆ ಬೈಯುತ್ತಾರೆ.

ಟೈಲ್ಸ್‌ನವನ ಕೈಯಲ್ಲಿ ಸಿಮೆಂಟು. ಬಡಗಿಯ ಕೈಯಲ್ಲಿ ಗೋಂದು. ಸೈಟಿನಲ್ಲಿ ಸಾಬೂನು ಇರುವುದೇ ಅಪರೂಪ. ಡ್ರಮ್ಮಿನ ನೀರಲ್ಲಿ ಕೈ ಅದ್ದಿ ಪ್ಯಾಂಟಿಗೆ ಒರೆಸಿಕೊಂಡರೆ ಕೈ ತೊಳೆದ ಹಾಗೆ.

ಮಾಸ್ಕಿನ ವಿಷಯ ನನಗೆ ತುಂಬಾ ತಡವಾಗಿ ಹೊಳೆಯಿತು. ಮಾಸ್ಕ್ ಕೊಟ್ಟರೂ ಹಾಕುವುದಿಲ್ಲ, ಇವರಿಗೆ ತಿಳುವಳಿಕೆ ಇಲ್ಲ ಅಂತ ಎಲ್ಲ ಗುತ್ತಿಗೆದಾರರೂ ಗೊಣಗುತ್ತಾರೆ. ಒಂದು ದಿನ ಅಡುಗೆಮನೆಯ ಕಟ್ಟೆಗೆ ಕ್ವಾರ್ಟ್ಜ್ ಕಲ್ಲು ಕೊಯ್ಯುವವನನ್ನು ಸ್ವಲ್ಪ ಹೊತ್ತು ನಿಂತು ನೋಡಿದೆ. ಮಾಸ್ಕ್ ಇತ್ತು. ಗದ್ದದ ಕೆಳಗೆ ಇತ್ತು. ಕಟರ್ ನಿಲ್ಲಿಸದೆ ತಲೆ ಪಕ್ಕಕ್ಕೆ ತಿರುಗಿಸಿ ಉಗುಳುತ್ತಿದ್ದ, ಮತ್ತೆ ಕೊಯ್ಯುತ್ತಿದ್ದ. ಬಾಯಲ್ಲಿ ತಂಬಾಕು ಇದ್ದವನು ಎರಡು ಮೂರು ನಿಮಿಷಕ್ಕೆ ಒಮ್ಮೆ ಉಗುಳಲೇಬೇಕು. ಮಾಸ್ಕ್ ಹಾಕಿ ಉಗುಳಲು ಆಗುವುದಿಲ್ಲ. ತಂಬಾಕು ಮತ್ತು ಮಾಸ್ಕ್ ಒಂದೇ ಮುಖದ ಮೇಲೆ ಇರಲಾರವು, ಇಷ್ಟೇ ವಿಷಯ. ತಂಬಾಕು ಬಾಯಿಗೆ ಮಾಡುವ ಕೇಡು ಒಂದು ಕಡೆ ಇರಲಿ, ಅದು ಮೂಗಿನ ಬಾಗಿಲನ್ನೂ ತೆರೆದಿಟ್ಟು ಧೂಳನ್ನು ಒಳಗೆ ಬಿಡುತ್ತದೆ.

ಆ ಧೂಳು ಎಂಥದ್ದು ಗೊತ್ತಾ? ಈಗ ಎಲ್ಲರಿಗೂ ಬೇಕಾಗಿರುವ ಆ ಕೃತಕ ಕ್ವಾರ್ಟ್ಜ್ ಕಲ್ಲಿನಲ್ಲಿ ಸಿಲಿಕಾ ನೂರಕ್ಕೆ ತೊಂಬತ್ತರವರೆಗೂ ಇರುತ್ತದೆ. ಅದನ್ನು ಕೊಯ್ಯುವ ಹುಡುಗರ ಶ್ವಾಸಕೋಶ ಕೆಲವೇ ವರ್ಷಗಳಲ್ಲಿ ಗಟ್ಟಿಯಾಗುವುದನ್ನು ನೋಡಿ ಆಸ್ಟ್ರೇಲಿಯಾ 2024ರ ಜುಲೈನಿಂದ ಆ ಕಲ್ಲನ್ನೇ ನಿಷೇಧಿಸಿತು. ನಮ್ಮಲ್ಲಿ ಅದು ಫ್ಲಾಟಿನ ಜಾಹೀರಾತಿನಲ್ಲಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಅಂತ ಹೇಳುವ ಮೊದಲ ಗುಂಪಿನ ಪಟ್ಟಿಯಲ್ಲಿ ಸಿಲಿಕಾ ಧೂಳು ಇದೆ. ಮರದ ಧೂಳು ಇದೆ. ಪೇಂಟರ್ ಕಸುಬೇ ಇದೆ. ವೆಲ್ಡಿಂಗ್ ಹೊಗೆ 2017ರಲ್ಲಿ ಆ ಗುಂಪಿಗೆ ಸೇರಿತು. ಹೊಗೆ ಇಲ್ಲದ ತಂಬಾಕು, ಬರೀ ಅಡಿಕೆ ಕೂಡ ಅಲ್ಲೇ ಇವೆ. ನನ್ನ ಒಂದು ಫ್ಲಾಟಿನ ಹಾಜರಿ ಪುಸ್ತಕ ತೆಗೆದರೆ ಆ ಪಟ್ಟಿಯ ಅರ್ಧ ಡಜನ್ ಸಾಮಾನು ಒಂದೇ ಹೊತ್ತಿಗೆ ಒಂದೇ ಕೋಣೆಯಲ್ಲಿ ಇರುತ್ತವೆ.

ಇವು ಒಂದಕ್ಕೊಂದು ಸೇರಿದಾಗ ಬರೀ ಕೂಡುವ ಲೆಕ್ಕ ಆಗುವುದಿಲ್ಲ ಅನ್ನುವುದಕ್ಕೆ ಹಳೇ ಸಾಕ್ಷಿ ಇದೆ. ಅಮೆರಿಕದ ಇನ್ಸುಲೇಶನ್ ಕೆಲಸಗಾರರ ಮೇಲೆ ನಡೆದು 1979ರಲ್ಲಿ ಪ್ರಕಟವಾದ ಅಧ್ಯಯನ ಅದು. ಕಲ್ನಾರಿನ (ಆಸ್ಬೆಸ್ಟಾಸ್) ಜೊತೆ ಕೆಲಸ ಮಾಡಿ ಸಿಗರೇಟು ಸೇದದವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸುಮಾರು 5 ಪಟ್ಟು. ಕಲ್ನಾರು ಮುಟ್ಟದೆ ಸಿಗರೇಟು ಮಾತ್ರ ಸೇದುವವರಿಗೆ ಸುಮಾರು 11 ಪಟ್ಟು. ಎರಡೂ ಇದ್ದವರಿಗೆ 50 ಪಟ್ಟಿಗೂ ಜಾಸ್ತಿ. ನಮ್ಮ ದೇಶದಲ್ಲಿ ಕಲ್ನಾರಿನ ಸಿಮೆಂಟ್ ಶೀಟು ಇನ್ನೂ ಮಾರುಕಟ್ಟೆಯಲ್ಲಿದೆ. ಸೈಟಿನ ಶೆಡ್ಡಿಗೆ, ಕಾರ್ಮಿಕರ ಜೋಪಡಿಗೆ ಅದನ್ನೇ ಕೊಯ್ದು ಹಾಕುತ್ತಾರೆ. ಕೊಯ್ಯುವವನ ಕಿವಿಯ ಮೇಲೆ ಬೀಡಿ ಸಿಕ್ಕಿಸಿರುತ್ತದೆ. ಶೆಡ್ಡು ಸೈಟಿನ ಹೊರಗೆ ಇರುವುದರಿಂದ ಅಲ್ಲಿ ಬೋರ್ಡೂ ಇರುವುದಿಲ್ಲ.

ಇಂಡಿ ತಾಲೂಕಿನ ಹುಡುಗನೊಬ್ಬ ಗೋಡೆಗೆ ಪುಟ್ಟಿ ಮೆತ್ತುವ ಕೆಲಸಕ್ಕೆ ಬರುತ್ತಿದ್ದ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ತಂಬಾಕಿಗಿಂತ ಮಾವಾ ಜಾಸ್ತಿ, ಅಂದರೆ ಅಡಿಕೆ ಚೂರು, ತಂಬಾಕು, ಸುಣ್ಣ ಪ್ಲಾಸ್ಟಿಕ್ಕಿನಲ್ಲಿ ಹಾಕಿ ಉಜ್ಜಿದ್ದು. ಊಟದ ಹೊತ್ತಿಗೆ ಎಲ್ಲರೂ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರೆ ಅವನು ಮೊಸರನ್ನ ಬಿಚ್ಚುತ್ತಿದ್ದ. "ಪುಣೆಕ್ಕ ಬಂದು ಇವ ಐನಾರ ಆಗ್ಯಾನ" ಅಂತ ಉಳಿದವರು ಕಾಡುತ್ತಿದ್ದರು. ಅವನೂ ನಗುತ್ತಿದ್ದ. ನಕ್ಕಾಗ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಅದನ್ನು ಮೊದಲು ಗಮನಿಸಿದ್ದು ನನ್ನ ಹೆಂಡತಿ, ಗೃಹಪ್ರವೇಶದ ಊಟದ ದಿನ. ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಅವನದೇ ಮೂರು ಬೆರಳನ್ನು ಒಂದರ ಮೇಲೊಂದು ಹಾಗೆ ನಿಲ್ಲಿಸಿ ಬಾಯೊಳಗೆ ಇಡಲು ಹೇಳಿದರು. ಎರಡು ಬೆರಳೂ ಸರಿಯಾಗಿ ಹೋಗಲಿಲ್ಲ.

ಅಡಿಕೆಯಿಂದ ಕೆನ್ನೆಯ ಒಳಚರ್ಮ ನಾರುನಾರಾಗಿ ಬಿಗಿಯುವ ಕಾಯಿಲೆ ಇದು. ಮೊದಲು ಖಾರ ಉರಿಯುತ್ತದೆ, ಆಮೇಲೆ ಬಾಯಿ ಸಣ್ಣಗಾಗುತ್ತದೆ. ಒಂದು ಸಲ ಬಿಗಿದದ್ದು ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ. ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಹುಡುಗ ಮೊಸರನ್ನಕ್ಕೆ ಬಂದದ್ದು ರುಚಿಗಲ್ಲ, ಚಟ್ನಿ ಬಾಯಿಗೆ ಇಡಲಾಗದೆ. ಅಷ್ಟು ತಿಂಗಳು ಒಟ್ಟಿಗೆ ಕೂತು ಉಂಡವರಿಗೆ ಅದು ತಮಾಷೆಯಾಗಿ ಕಂಡಿತ್ತು. ಅಡಿಕೆ ಬಿಟ್ಟಿದ್ದೇನೆ ಅಂತ ಈಗ ಹೇಳುತ್ತಾನೆ. ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ಜಾತ್ರೆಗೆ ಊರಿಗೆ ಹೋದರೆ ಆ ತಾರೀಖು ತಪ್ಪುತ್ತದೆ.

ಇಲ್ಲಿ ಸ್ವಲ್ಪ ನನ್ನ ಊರಿನ ಮಾತು. ನಾನು ಚಿಕ್ಕೋಡಿ ಸೀಮೆಯವನು. ನಿಪ್ಪಾಣಿ ತಂಬಾಕಿನ ವಾಸನೆಯಲ್ಲೇ ಬೆಳೆದವನು. ನನ್ನ ಶಾಲೆ, ಪಾಲಿಟೆಕ್ನಿಕ್ಕಿನ ಫೀಸು, ಅಕ್ಕನ ಮದುವೆ ಎಲ್ಲ ಆ ಎಲೆಯಿಂದಲೇ ಆದದ್ದು. ಹಾಗಾಗಿ ತಂಬಾಕು ಅಂದ ಕೂಡಲೇ ಮುಖ ಕಿವುಚುವವರ ಜೊತೆ ನನಗೆ ಅಷ್ಟಾಗಿ ಕೂಡಿಬರುವುದಿಲ್ಲ. 1981ರಲ್ಲಿ ರೈತ ನಾಯಕ ಶರದ್ ಜೋಶಿ ಅವರ ಮುಂದಾಳತ್ವದಲ್ಲಿ ತಂಬಾಕಿಗೆ ಸರಿಯಾದ ಬೆಲೆ ಕೇಳಿ ರೈತರು ನಿಪ್ಪಾಣಿಯ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದು ಕೂತಿದ್ದರು. ಪೊಲೀಸರ ಗುಂಡಿಗೆ ರೈತರು ಸತ್ತರು. ನಮ್ಮ ಮನೆಯಲ್ಲಿ ಆ ಮಾತು ಬಹಳ ವರ್ಷ ನಡೆಯುತ್ತಿತ್ತು. ಆದರೆ ತಂಬಾಕಿನ ವಖಾರಿಗಳಲ್ಲಿ (ಗೋದಾಮುಗಳಲ್ಲಿ) ಎಲೆ ಕುಟ್ಟಿ ಜರಡಿ ಹಿಡಿಯುತ್ತಿದ್ದ ಹೆಂಗಸರ ಮಾತು ಮನೆಯಲ್ಲಿ ಬರುತ್ತಿರಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ಆ ಘಾಟಿನಲ್ಲಿ ನಿಲ್ಲುತ್ತಿದ್ದರು. ಸಂಜೆ ಅವರು ರಸ್ತೆಯಲ್ಲಿ ಹೊರಟರೆ ಕೆಮ್ಮು ಮೊದಲು ಕೇಳುತ್ತಿತ್ತು. ಹಸಿ ಎಲೆ ಕೊಯ್ಯುವವರಿಗೂ ಇಬ್ಬನಿಯ ಜೊತೆ ನಿಕೋಟಿನ್ ಚರ್ಮದಿಂದಲೇ ಒಳಗಿಳಿದು ವಾಂತಿ, ತಲೆಸುತ್ತು ಬರುತ್ತದೆ. ತಂಬಾಕನ್ನು ಒಮ್ಮೆಯೂ ಬಾಯಿಗಿಡದವರೂ ಕೆಲಸದ ಜಾಗದಲ್ಲಿ ಅದರ ಪಾಲು ಉಣ್ಣುತ್ತಾರೆ. ಬೆಳೆದವರನ್ನು ಬೈದು, ತಿಂದವರನ್ನು ಬೈದು ಮುಗಿಸುವ ಲೇಖನ ಬರೆಯಲು ನನಗೆ ಮನಸ್ಸಿಲ್ಲದಿರುವುದು ಇದಕ್ಕೇ.

ಹಾಗಾದರೆ ಏನು ಮಾಡುವುದು? ಉಪದೇಶ ನಡೆಯುವುದಿಲ್ಲ. ಪುಡಿಯ ಮೇಲೆ 2016ರಿಂದ ನೂರಕ್ಕೆ 85 ಭಾಗ ಕ್ಯಾನ್ಸರಿನ ಚಿತ್ರ ಮತ್ತು ಎಚ್ಚರಿಕೆಯೇ ಇದೆ. ಅದನ್ನು ದಿನಾ ಹರಿಯುವವರಿಗೆ ನಾನು ಇನ್ನೊಂದು ಚಿತ್ರ ತೋರಿಸಿ ಏನಾಗಬೇಕು? ಒಂದು ಸಂಸ್ಥೆಯವರು ಮುಂಬೈ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ರೋಗಿಗಳ ಫೋಟೋ ಹಿಡಿದು ಸೈಟಿಗೆ ಬಂದು ಒಂದು ಗಂಟೆ ಹಿಂದಿಯಲ್ಲಿ ಮಾತಾಡಿ ಹೋದರು. ಅವರ ಉದ್ದೇಶ ಒಳ್ಳೆಯದೇ. ಮಾತು ಕೇಳಿ ಹೆದರಿದ ಬಿಗಾರಿಗಳು ಹೊರಗೆ ಹೋಗಿ ಮೊದಲು ಮಾಡಿದ್ದು ಒಂದು ಚಿಟಿಕೆ ತಿಕ್ಕಿದ್ದು. ಹೆದರಿದವನಿಗೆ ಸಮಾಧಾನ ಬೇಕಲ್ಲ.

ಸ್ವಲ್ಪವಾದರೂ ನಡೆದದ್ದು ಯಾವುದು ಅಂದರೆ, ಕೆಲಸವನ್ನೇ ಬದಲಿಸಿದ್ದು. ಹಾಜರಿ ಮೇಲೆ, ಅಂದರೆ ದಿನಗೂಲಿ ಲೆಕ್ಕದಲ್ಲಿ ಕೆಲಸ ನಡೆಯುವ ಸೈಟುಗಳಲ್ಲಿ ಹತ್ತೂವರೆಗೆ ಎಲ್ಲ ಮಷೀನು ನಿಲ್ಲಿಸಿ ಹದಿನೈದು ನಿಮಿಷ ಕೂರುವುದು ಅಂತ ಮಾಡಿದೆ. ಚಹಾದ ಜೊತೆ ಒಗ್ಗರಣೆ ಅವಲಕ್ಕಿಯೋ ಪಾವೋ ಏನಾದರೂ ತಿನ್ನಲು. ಸಂಜೆ ನಾಲ್ಕಕ್ಕೆ ಇನ್ನೊಮ್ಮೆ. ನಲ್ಲಿಯ ಹತ್ತಿರ ಸಾಬೂನು, ಅದನ್ನು ದಾರದಿಂದ ಕಟ್ಟಿದ್ದೇವೆ, ಇಲ್ಲದಿದ್ದರೆ ಮಾಯವಾಗುತ್ತದೆ. ಕಲ್ಲು ಕೊಯ್ಯುವಾಗ ನೀರು ಬಿಡುವುದು ಕಡ್ಡಾಯ. ಪುಟ್ಟಿ ತಿಕ್ಕುವ ಮಷೀನಿಗೆ ಧೂಳು ಎಳೆಯುವ ಪೈಪು. ಆಳುಗಳ ಮುಖಂಡ ಮುಕಾದಮ ವಾರದ ಖರ್ಚಿನ ದುಡ್ಡು ಕೊಡುವಾಗ ಒಂದೆರಡು ಪುಡಿಯನ್ನೂ ಪ್ರೀತಿಯಿಂದ ಕೊಡುವ ಪದ್ಧತಿ ಇತ್ತು, ಅದನ್ನು ನಿಲ್ಲಿಸಲು ಮಾತ್ರ ದೊಡ್ಡ ಜಗಳವೇ ಆಯಿತು. ಇದರಿಂದ ಎಲ್ಲರೂ ತಂಬಾಕು ಬಿಟ್ಟರಾ? ಇಲ್ಲ. ಹತ್ತೂವರೆಯ ಗುಳಿಗೆ ಕೆಲವರಿಗೆ ತಪ್ಪಿತು, ಅಷ್ಟೇ. ನನಗೆ ಅದು ಸಣ್ಣದಾಗಿ ಕಾಣುವುದಿಲ್ಲ.

ಬಿಡಬೇಕು ಅಂತ ತಾವಾಗೇ ಬಂದವರಿಗೆ ಎರಡು ಮಾತು ಹೇಳುತ್ತೇನೆ. 2018ರಿಂದ ತಂಬಾಕಿನ ಎಲ್ಲ ಪುಡಿಗಳ ಮೇಲೂ 1800-11-2356 ಅನ್ನುವ ನಂಬರ್ ಇರುತ್ತದೆ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಪುಣೆಯಲ್ಲಿ ಕೂತ ಯಾದಗಿರಿಯ ಹುಡುಗನಿಗೆ ಈ ಕನ್ನಡದ ಮಾತು ಬಹಳ ದೊಡ್ಡದು. ಇನ್ನೊಂದು ನಿಕೋಟಿನ್ ಗಮ್. ಅದನ್ನು ಚ್ಯೂಯಿಂಗ್ ಗಮ್ ಥರ ಜಗಿಯುತ್ತಾ ಇರಬಾರದು. ಸ್ವಲ್ಪ ಹೊತ್ತು ಮೆಲ್ಲಗೆ ಅಗಿದು ಕೆನ್ನೆಯ ಸಂದಿಗೆ ಇಟ್ಟುಕೊಂಡು ಬಿಡಬೇಕು. ನಮ್ಮವರಿಗೆ ಇದನ್ನು ಕಲಿಸುವ ಅಗತ್ಯವೇ ಬರುವುದಿಲ್ಲ! ಆದರೆ ಚಹಾ ಕುಡಿದ ಕೂಡಲೇ ಅದನ್ನು ಹಾಕಿದರೆ ಸರಿಯಾಗಿ ಹೀರುವುದಿಲ್ಲ, ಹದಿನೈದು ನಿಮಿಷ ತಡೆಯಬೇಕು. ಗಂಟೆಗೊಂದು ಚಹಾ ಕುಡಿಯುವ ಸೈಟಿನಲ್ಲಿ ಗಮ್ ಕೆಲಸ ಮಾಡಲಿಲ್ಲ ಅನ್ನುವವರಿಗೆ ಹೆಚ್ಚಾಗಿ ಇದೇ ಕಾರಣ.

ಇದಕ್ಕಿಂತ ಮುಖ್ಯವಾದದ್ದು ಗುತ್ತಿಗೆದಾರರಿಗೆ. ತಂಬಾಕು ಬಿಟ್ಟ ಮೊದಲ ವಾರ ಮನುಷ್ಯನಿಗೆ ಸಿಟ್ಟು, ಚಡಪಡಿಕೆ, ನಿದ್ದೆ ಇಲ್ಲ, ಗಮನ ನಿಲ್ಲುವುದಿಲ್ಲ. ಅಂಥವನನ್ನು ಆ ವಾರ ಜೂಲಾಕ್ಕೆ ಹತ್ತಿಸಬಾರದು, ಕಟರ್ ಕೊಡಬಾರದು. ನೆಲದ ಮೇಲೆ ನಿಂತು ಪ್ರೈಮರ್ ಹೊಡೆಯಲು ಹಾಕಿ. ನಮ್ಮ ಮೇಸ್ತ್ರಿ ಎರಡು ಸಲ ಬಿಟ್ಟು ಎರಡು ಸಲವೂ ನಾಲ್ಕನೇ ದಿನಕ್ಕೆ ಮತ್ತೆ ಹಿಡಿದಿದ್ದರು. "ಮ್ಯಾಲ ಕುಂತಾಗ ಕೈ ನಡುಗತೈತಿ, ಜೀವ ದೊಡ್ಡದೋ ತಂಬಾಕ ದೊಡ್ಡದೋ" ಅಂದಿದ್ದರು. ಆ ಲೆಕ್ಕದಲ್ಲಿ ಅವರು ತಪ್ಪಿರಲಿಲ್ಲ. ಮೂರನೇ ಸಲ ಹತ್ತು ದಿನ ಕೆಳಗಿನ ಕೆಲಸ ಕೊಟ್ಟೆ. ಈಗ ಒಂದು ಮಳೆಗಾಲ ದಾಟಿದೆ, ಇನ್ನೂ ತಿಂದಿಲ್ಲ. ಸುಣ್ಣದ ಡಬ್ಬಿ ಜೇಬಿನಲ್ಲೇ ಇದೆ, ಅದರಲ್ಲಿ ಈಗ ಲವಂಗ ಇಟ್ಟುಕೊಳ್ಳುತ್ತಾರೆ.

ಆದರೆ ಹಾಜರಿ ಸೈಟಿನಲ್ಲಿ ನಡೆದದ್ದು ಸ್ಕ್ವೇರ್ ಫೂಟಿನ ಸೈಟಿನಲ್ಲಿ ನಡೆಯುತ್ತಿಲ್ಲ. ಪೇಂಟಿಂಗ್, ಪುಟ್ಟಿ, ಟೈಲ್ಸ್ ಬಹುತೇಕ ಸ್ಕ್ವೇರ್ ಫೂಟಿನ ಲೆಕ್ಕದಲ್ಲೇ ಹೋಗುತ್ತದೆ. ಎಷ್ಟು ಗೋಡೆ ಮುಗಿಸಿದರೆ ಅಷ್ಟು ದುಡ್ಡು. ಅಲ್ಲಿ ನಾನು ಹತ್ತೂವರೆಗೆ ನಿಲ್ಲಿಸಿ ಅಂದರೆ, ಆ ಹದಿನೈದು ನಿಮಿಷ ಹೋಗುವುದು ಅವರದೇ ಪಗಾರದಿಂದ. ಅವರೇ ಒಪ್ಪುವುದಿಲ್ಲ. "ನಮ್ಮ ಟೈಮ್ ರೀ ಅದು" ಅನ್ನುತ್ತಾರೆ. ಸರಿಯಾಗೇ ಹೇಳುತ್ತಾರೆ. ಮಾಸ್ಕ್ ಹಾಕಿ ಮೆಲ್ಲಗೆ ಕೊಯ್ಯಿ ಅಂದರೂ ಅದೇ ಉತ್ತರ. ಹಾಗಾಗಿ ಈಗ ಕೊಟೇಶನ್ನಿನಲ್ಲೇ ರೇಟನ್ನು ಸ್ವಲ್ಪ ಏರಿಸಿ, ಬಿಡುವು ಮತ್ತು ಧೂಳು ಎಳೆಯುವ ಮಷೀನಿನ ಬಾಡಿಗೆ ಅಂತ ಬೇರೆ ಸಾಲು ಬರೆಯುತ್ತಿದ್ದೇನೆ. ಇದುವರೆಗೆ ಒಬ್ಬ ಆರ್ಕಿಟೆಕ್ಟ್ ಮಾತ್ರ ಅದನ್ನು ತಕರಾರಿಲ್ಲದೆ ಒಪ್ಪಿದ್ದಾರೆ. ಉಳಿದವರು ಮಾಡ್ಯುಲರ್ ಕಿಚನ್ನಿನ ಹಿಡಿಕೆಗೆ ಸಾವಿರಾರು ರೂಪಾಯಿ ಕೊಡಲು ಹಿಂಜರಿಯದೆ ಈ ಸಾಲಿನ ಹತ್ತಿರ ಬಂದು ಪೆನ್ನು ನಿಲ್ಲಿಸುತ್ತಾರೆ. ಬಾಡಿಗೆಯನ್ನಾದರೂ ಬಿಡಿ, ಬಿಡುವಿಗೆ ದುಡ್ಡು ಯಾಕೆ ಅಂತ ಕೇಳುತ್ತಾರೆ. ಮುಂದಿನ ಸಲದಿಂದ ಬೇರೆ ಸಾಲು ಬರೆಯುವ ಬದಲು ಸ್ಕ್ವೇರ್ ಫೂಟಿನ ರೇಟಿನೊಳಗೇ ಸೇರಿಸಿಬಿಡೋಣ ಅಂತ ಮೇಸ್ತ್ರಿ ಹೇಳುತ್ತಿದ್ದಾರೆ. ಬಹುಶಃ ಹಾಗೇ ಮಾಡುತ್ತೇನೆ.